ಮುಗಿಲ ಮೇಲೊಂದು ಕೆರೆ, ಅದಕ್ಕೊಂದು ತೂಬು

ಭೀಮಸೇನ ಜೋಶಿಯವರು ಹುಟ್ಟಿದ್ದು ನಮ್ಮ ರೋಣದಲ್ಲಿ, 1922ರ ಫೆಬ್ರವರಿ 4ರಂದು. ರೋಣ ತಾಲೂಕಿನವರು ಯಾರೇ ಸಿಕ್ಕರೂ ಮೊದಲ ಐದು ನಿಮಿಷದಲ್ಲಿ ಈ ಮಾತು ಹೇಳಿಬಿಡ್ತೀವಿ, ಅದೊಂದು ಚಟ :-) ಅವರ ಗುರುಗಳು ಕುಂದಗೋಳದ ಸವಾಯಿ ಗಂಧರ್ವರು. ಶಿಷ್ಯ ವಿಮಾನ ಹತ್ತಿ ಊರಿಂದೂರಿಗೆ ಹಾರಿ ಹಾರಿ ಕಛೇರಿ ಮಾಡೋದನ್ನ ನೋಡಿ ಮರಾಠಿಯ ಪು.ಲ. ದೇಶಪಾಂಡೆಯವರು ಇಟ್ಟ ಅಡ್ಡಹೆಸರು 'ಹವಾಯಿ ಗಂಧರ್ವ'. ಎಂಥಾ ಚೆಂದದ ಶ್ಲೇಷೆ ನೋಡಿ. ಗುರು ಸವಾಯಿ, ಶಿಷ್ಯ ಹವಾಯಿ.

ಆದರೆ ನನ್ನ ತಲೆ ಹೊಕ್ಕಿದ್ದು ಆ 'ಹವಾ' ಅನ್ನೋ ಶಬ್ದ. ಉಸಿರನ್ನೇ ಬಂಡವಾಳ ಮಾಡಿಕೊಂಡ ಗಾಯಕರೊಬ್ಬರು ಇಪ್ಪತ್ತು ಮೂವತ್ತು ಸಾವಿರ ಅಡಿ ಎತ್ತರದಲ್ಲಿ ಆರಾಮಾಗಿ ಕೂತು ಹೋಗ್ತಾರೆ, ಇಳಿದು ಹಾಡ್ತಾರೆ. ಹೊರಗೆ ನೋಡಿದರೆ ನೆಟ್ಟಗೆ ಉಸಿರಾಡೋಕೂ ಸಾಲದಷ್ಟು ಗಾಳಿ. ಒಳಗಿನ ಗಾಳಿಯನ್ನ ಹದದಲ್ಲಿ ಇಡೋದನ್ನ ಮನುಷ್ಯ ಕಲಿತದ್ದು ಹೇಗೆ? ನಾನು ಓದಿದ್ದು ಮೆಕ್ಯಾನಿಕಲ್, ತಿನ್ನೋ ಅನ್ನ ಸಾಫ್ಟ್‌ವೇರಿಂದು. ಹಳೇ ಪ್ರೀತಿ ಬಿಡಲ್ಲ, ಹಾಗಾಗಿ ಇದನ್ನ ಬರೀಬೇಕು ಅನ್ನಿಸಿತು.

ಮೊದಲು ನಮ್ಮ ಕಡೆಯ ಆಕಾಶದಿಂದಲೇ ಶುರು ಮಾಡೋಣ. 1932ರ ಅಕ್ಟೋಬರ್ 15. ಜೆ.ಆರ್.ಡಿ. ಟಾಟಾ ಕರಾಚಿಯಿಂದ ಪುಸ್ ಮಾತ್ ಅನ್ನೋ ಪುಟ್ಟ ವಿಮಾನದಲ್ಲಿ ಟಪಾಲು ಹೊತ್ತು ಅಹಮದಾಬಾದ್ ಮೇಲೆ ಮುಂಬಯಿಗೆ ಬಂದರು. ಅಲ್ಲಿಂದ ಮುಂದಕ್ಕೆ ನೆವಿಲ್ ವಿನ್ಸೆಂಟ್ ಅದನ್ನ ಬಳ್ಳಾರಿ ಮಾರ್ಗವಾಗಿ ಮದ್ರಾಸಿಗೆ ಒಯ್ದರು. ಈಗ ಒಂದು ನಕಾಶೆ ತಗೊಂಡು ಮುಂಬಯಿಗೂ ಬಳ್ಳಾರಿಗೂ ಸ್ಕೇಲ್ ಇಟ್ಟು ಗೆರೆ ಎಳೀರಿ. ಗೆರೆ ಕುಷ್ಟಗಿಯ ಪಕ್ಕದಲ್ಲೇ ಹಾಯುತ್ತೆ, ಗಜೇಂದ್ರಗಡದ ಗುಡ್ಡದಿಂದ ಪೂರ್ವಕ್ಕೆ ಹೆಚ್ಚೆಂದರೆ ಮೂವತ್ತು ಕಿಲೋಮೀಟರು. ಟಾಟಾ ಅವರ ಮೊದಲ ಟಪಾಲು ವಿಮಾನದ ದಾರಿ ನಮ್ಮ ಜೋಳದ ಹೊಲಗಳ ಮೇಲೆ! ಪುಸ್ ಮಾತ್‌ಗೆ ಮುಚ್ಚಿದ ಕ್ಯಾಬಿನ್ ಇತ್ತು ನಿಜ, ಆದರೆ ಅದು ಗಾಳಿ-ಮಳೆ ತಡೆಯೋಕೆ ಅಷ್ಟೇ. ಒಳಗೂ ಹೊರಗೂ ಒಂದೇ ಒತ್ತಡ. ಕೆಲವೇ ಸಾವಿರ ಅಡಿ ಎತ್ತರದಲ್ಲಿ ಹಾರೋ ವಿಮಾನಕ್ಕೆ ಅದಕ್ಕಿಂತ ಹೆಚ್ಚಿಂದು ಬೇಕಾಗಿಯೂ ಇರಲಿಲ್ಲ.

ತೊಂದರೆ ಶುರುವಾಗೋದು ಇನ್ನೂ ಮೇಲೆ ಹೋದಾಗ. ಇಲ್ಲೊಂದು ಸಾಮಾನ್ಯ ತಪ್ಪು ತಿಳುವಳಿಕೆ ಇದೆ. ಮೇಲೆ ಹೋದಂಗೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಮ್ಮಿ ಆಗುತ್ತೆ ಅಂತ ಬಹಳ ಜನ ಅಂದ್ಕೊಂಡಿರ್ತಾರೆ. ಪಾಲು ಅಷ್ಟೇ ಇರುತ್ತೆ, ಶೇಕಡಾ 21. ಕಮ್ಮಿ ಆಗೋದು ಒತ್ತಡ. ಸಮುದ್ರಮಟ್ಟದಲ್ಲಿ ನಮ್ಮ ಮೈಯ ಪ್ರತಿ ಚದರ ಸೆಂಟಿಮೀಟರ್ ಮೇಲೆ ಗಾಳಿ ಸುಮಾರು ಒಂದು ಕಿಲೋ ಭಾರ ಹೇರಿರುತ್ತೆ. 35,000 ಅಡಿಯಲ್ಲಿ ಅದು ಕಾಲು ಕಿಲೋಗೂ ಕಮ್ಮಿ. ಶ್ವಾಸಕೋಶದಿಂದ ರಕ್ತಕ್ಕೆ ಆಮ್ಲಜನಕವನ್ನ ತಳ್ಳೋದು ಈ ಒತ್ತಡವೇ. ತಳ್ಳೋರಿಲ್ಲದಿದ್ದರೆ ಮಿದುಳು ಅರ್ಧದಿಂದ ಒಂದು ನಿಮಿಷದಲ್ಲಿ ಕೈಕೊಡುತ್ತೆ.

ಇದನ್ನ ಮನುಷ್ಯ ಕಲಿತದ್ದು ಬಲೂನಿನಲ್ಲಿ, ಹೆಣ ಬೀಳಿಸಿ. 1862ರ ಸೆಪ್ಟೆಂಬರ್ 5ರಂದು ಇಂಗ್ಲೆಂಡಿನಲ್ಲಿ ಗ್ಲೇಶರ್ ಮತ್ತು ಕಾಕ್ಸ್‌ವೆಲ್ ಅನ್ನೋರು ಬಲೂನ್ ಹತ್ತಿದರು. 29,000 ಅಡಿಯ ಆಸುಪಾಸಿನಲ್ಲಿ ಗ್ಲೇಶರ್ ಪ್ರಜ್ಞೆ ತಪ್ಪಿದರು. ಕಾಕ್ಸ್‌ವೆಲ್‌ಗೆ ಚಳಿಗೆ ಕೈ ಮರಗಟ್ಟಿ ಹಗ್ಗ ಹಿಡಿಯೋಕೆ ಆಗದೆ, ಹಲ್ಲಿನಲ್ಲಿ ಕಚ್ಚಿ ಎಳೆದು ಕವಾಟ ತೆರೆದು ಬಲೂನನ್ನ ಇಳಿಸಿದರು. ಅವರು ಬದುಕಿದರು. 1875ರ ಏಪ್ರಿಲ್ 15ರಂದು ಫ್ರಾನ್ಸಿನ 'ಜೆನಿತ್' ಬಲೂನಿನಲ್ಲಿ ಹೋದ ಮೂವರಲ್ಲಿ ಇಬ್ಬರು ಬದುಕಲಿಲ್ಲ. ಅವರ ಹತ್ತಿರ ಆಮ್ಲಜನಕದ ಚೀಲಗಳಿದ್ದವು! ಅದು ಸಾಲಲ್ಲ ಅಂತ ವಿಜ್ಞಾನಿ ಪಾಲ್ ಬರ್ಟ್ ಪತ್ರ ಬರೆದಿದ್ದರು, ಪತ್ರ ತಡವಾಗಿ ತಲುಪಿತು. ಇದ್ದ ಚೀಲವನ್ನೂ ಬಾಯಿಗಿಟ್ಟುಕೊಳ್ಳೋಕೆ ಹೊತ್ತಿಗೆ ಸರಿಯಾಗಿ ಕೈ ಏಳಲಿಲ್ಲ. ಬದುಕಿ ಬಂದ ಟಿಸಾಂಡಿಯರ್ ಕಿವುಡರಾದರು. ಅವರು ಬರೆದಿಟ್ಟ ಅನುಭವದಲ್ಲಿ ಭಯ ಹುಟ್ಟಿಸೋ ಸಂಗತಿ ಅಂದ್ರೆ, ಸಾಯೋ ಹೊತ್ತಿನಲ್ಲಿ ಯಾತನೆ ಇಲ್ಲ, ಒಂಥರಾ ಖುಷಿ. ಅಪಾಯದ ಅರಿವೇ ಆಗಲ್ಲ. ಉಸಿರುಗಟ್ಟಿದರೆ ಒದ್ದಾಡ್ತೀವಿ, ಒತ್ತಡ ಕಮ್ಮಿಯಾದರೆ ನಗುನಗುತ್ತಾ ಹೋಗ್ತೀವಿ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಸರಿ, ಹಾಗಾದ್ರೆ ಕ್ಯಾಬಿನ್ನನ್ನ ಗಟ್ಟಿಯಾಗಿ ಮುಚ್ಚಿ ಒಳಗೆ ಗಾಳಿ ತುಂಬಿದರಾಯ್ತಲ್ಲ? 1921ರಲ್ಲಿ ಅಮೆರಿಕದ ಡೇಟನ್ ಬಳಿಯ ಮೆಕುಕ್ ಫೀಲ್ಡ್‌ನಲ್ಲಿ ಇದನ್ನೇ ಮಾಡಿದರು. ವಿಮಾನದ ಪೈಲಟ್ ಕೂರೋ ಜಾಗಕ್ಕೆ ಒಂದು ಉಕ್ಕಿನ ಡಬ್ಬಿ, ಅದಕ್ಕೆ ಗಾಳಿ ನೂಕೋ ಯಂತ್ರ. ಒಳಗೆ ಲೆಫ್ಟಿನೆಂಟ್ ಹೆರಾಲ್ಡ್ ಹ್ಯಾರಿಸ್. ವಿಮಾನ ಹಾರಿತು, ಗಾಳಿ ತುಂಬಿತು, ತುಂಬುತ್ತಲೇ ಹೋಯಿತು. ಹೊರಗೆ ಹೋಗೋ ಕವಾಟ ಚಿಕ್ಕದಾಗಿತ್ತು. ಒಳಗಿನ ಎತ್ತರಮಾಪಕ ಸಮುದ್ರಮಟ್ಟಕ್ಕಿಂತ 3,000 ಅಡಿ ಕೆಳಗೆ ಅಂತ ತೋರಿಸ್ತಿತ್ತು, ಪಾಪ ಮನುಷ್ಯ ಆಕಾಶದಲ್ಲಿದ್ದಾನೆ! ಒತ್ತಿದ ಗಾಳಿ ಕಾಯುತ್ತೆ, ಸೈಕಲ್ ಪಂಪಿನ ಬುಡ ಮುಟ್ಟಿ ನೋಡಿದವರಿಗೆ ಗೊತ್ತು. ಡಬ್ಬಿ ಒಲೆಯಾಯಿತು. ಹ್ಯಾರಿಸ್ ಹೇಗೋ ಇಳಿಸಿ ಪಾರಾದರು. (ಮರುವರ್ಷ ಇದೇ ಆಸಾಮಿ ಮುರಿಯುತ್ತಿದ್ದ ವಿಮಾನದಿಂದ ಪ್ಯಾರಾಚೂಟ್ ಹಿಡಿದು ಹಾರಿ ಮತ್ತೊಮ್ಮೆ ಬದುಕಿದ. ಆಯುಷ್ಯ ಗಟ್ಟಿ ಅನ್ನೋದು ಇದಕ್ಕೇ.)

ಇಡೀ ವಿದ್ಯೆಯ ಗುಟ್ಟು ಈ ಒಂದು ಘಟನೆಯಲ್ಲಿದೆ. ಗಾಳಿ ತುಂಬೋದು ಕಷ್ಟವಲ್ಲ, ಬಿಡೋದು ಕಷ್ಟ. ಇವತ್ತಿನ ಜೆಟ್ ವಿಮಾನದಲ್ಲೂ ಅಷ್ಟೇ. ಎಂಜಿನ್ ಒಳಗೆ ಒತ್ತಿದ ಗಾಳಿಯ ಒಂದು ಪಾಲನ್ನ ಕದ್ದು, ತಣ್ಣಗೆ ಮಾಡಿ, ಕ್ಯಾಬಿನ್ನಿಗೆ ಬಿಡ್ತಾನೇ ಇರ್ತಾರೆ. ಅದು ಹೆಚ್ಚುಕಮ್ಮಿ ಒಂದೇ ಸಮ ಬರುತ್ತೆ. ಒತ್ತಡ ನಿರ್ಧಾರ ಮಾಡೋದು ಬಾಲದ ಕಡೆ ಹೊಟ್ಟೆಯ ಹತ್ತಿರ ಇರೋ ಒಂದು ಚಿಕ್ಕ ಕಿಂಡಿ. ಅದನ್ನ ಎಷ್ಟು ತೆಗೀಬೇಕು, ಎಷ್ಟು ಮುಚ್ಚಬೇಕು ಅನ್ನೋದೇ ನಿಯಂತ್ರಣ.

ಕೆರೆ ನೋಡಿದವರಿಗೆ ಇದು ಹೊಸದೇನಲ್ಲ. ಹಳ್ಳದ ನೀರು ಬರ್ತಾ ಇರುತ್ತೆ, ಬರೋದು ನಮ್ಮ ಕೈಲಿಲ್ಲ. ಮಟ್ಟ ಕಾಯೋದು ತೂಬು. ತೂಬು ಕೈಕೊಟ್ಟರೆ ಏರಿ ಒಡೀಬಾರದು ಅಂತ ಕೋಡಿ. ವಿಮಾನಕ್ಕೂ ಕೋಡಿ ಇದೆ. ಒತ್ತಡ ಮಿತಿ ಮೀರಿದರೆ ತಾನಾಗೇ ತೆರೆಯೋ ಸುರಕ್ಷಾ ಕವಾಟ. ನಮ್ಮ ನರಗುಂದದ ಮಂದಿಗಂತೂ ನೀರು ಎಷ್ಟು ಬರುತ್ತೆ, ಯಾರು ಬಿಡ್ತಾರೆ, ಯಾವಾಗ ಬಿಡ್ತಾರೆ ಅನ್ನೋದು ಬದುಕಿನ ಪ್ರಶ್ನೆ. 1980ರ ಜುಲೈ 21ರಂದು ಮಲಪ್ರಭಾ ಕಾಲುವೆಯ ಕರದ ವಿರುದ್ಧ ಎದ್ದ ರೈತ ಬಂಡಾಯ ಗೋಲಿಬಾರಿಗೆ ಹೋಗಿ ಮುಟ್ಟಿದ ಊರು ಅದು. ಅದು ಬೇರೆಯೇ ಲೇಖನ, ಇಲ್ಲಿ ಬೇಡ. ಹೇಳೋಕೆ ಹೊರಟಿದ್ದು ಇಷ್ಟೇ, ತೂಬಿನ ಮೇಲೆ ಕೈ ಇಟ್ಟವನ ಹೊಣೆ ನಮ್ಮ ಕಡೆಯವರಿಗೆ ಪುಸ್ತಕ ಓದದೆ ಅರ್ಥ ಆಗುತ್ತೆ.

ತೂಬು ಸರಿಯಾಗೋಕೆ ಹದಿನೈದು ವರ್ಷ ಹಿಡಿಯಿತು. 1937ರಲ್ಲಿ ಲಾಕ್‌ಹೀಡ್ ಎಕ್ಸ್‌ಸಿ-35 ಅನ್ನೋ ಪ್ರಯೋಗ ವಿಮಾನ, 1940ರಲ್ಲಿ ಪ್ರಯಾಣಿಕರಿಗಾಗಿ ಬೋಯಿಂಗ್ 307. ನಮ್ಮ ದೇಶದ ನೆಲಕ್ಕೆ ಇಂಥ ವಿಮಾನ ದೊಡ್ಡ ಸಂಖ್ಯೆಯಲ್ಲಿ ಇಳಿದದ್ದು ಯುದ್ಧಕ್ಕೆ. 1944ರಲ್ಲಿ ಬಂಗಾಳದ ಖರಗಪುರದ ಕಡೆಯ ನೆಲೆಗಳಿಗೆ ಬಂದ ಅಮೆರಿಕದ ಬಿ-29 ಬಾಂಬರುಗಳು. ಬಾಂಬು ಇಡೋ ಜಾಗಕ್ಕೆ ಒತ್ತಡ ಇಡೋಕಾಗಲ್ಲ, ಬಾಗಿಲು ತೆಗೀಬೇಕಲ್ಲ. ಹಾಗಾಗಿ ಮುಂದೊಂದು ಹಿಂದೊಂದು ಒತ್ತಡದ ಕೋಣೆ, ನಡುವೆ ಬಾಂಬುಗಳ ನೆತ್ತಿ ಮೇಲೆ ತೆವಳಿಕೊಂಡು ಹೋಗೋ ಸುರಂಗ! ಅದೇ ಹೊತ್ತಿಗೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ (ವಾಲ್‌ಚಂದ್ ಹೀರಾಚಂದರು 1940ರಲ್ಲಿ ಶುರು ಮಾಡಿದ್ದು) ರಿಪೇರಿಗೆ ಬರ್ತಿದ್ದ ಡಕೋಟಾಗಳಿಗೆ ಒತ್ತಡದ ಕ್ಯಾಬಿನ್ ಇರಲಿಲ್ಲ. ಹಿಮಾಲಯ ದಾಟೋರು ಮುಖಕ್ಕೆ ಆಮ್ಲಜನಕದ ಮುಖವಾಡ ಕಟ್ಟಿಕೊಂಡೇ ಹೋಗಬೇಕಿತ್ತು.

ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ 'ಮಲಬಾರ್ ಪ್ರಿನ್ಸೆಸ್' ಮುಂಬಯಿಯಿಂದ ಕೈರೋ, ಜಿನೀವಾ ಮೇಲೆ ಲಂಡನ್ನಿಗೆ ಹೊರಟಿತು. ಅದು ಕಾನ್ಸ್‌ಟಲೇಶನ್, ಒತ್ತಡದ ಕ್ಯಾಬಿನ್ನಿನ ವಿಮಾನ. ದೇಶದೊಳಗೆ ಮಾತ್ರ ಇನ್ನೂ ಹಲವು ವರ್ಷ ಡಕೋಟಾ ರಾಜ್ಯಭಾರ. ಇಂಡಿಯನ್ ಏರ್‌ಲೈನ್ಸ್‌ಗೆ ವೈಕೌಂಟ್ ಬಂದದ್ದು 1957ರಲ್ಲಿ. ಆ ಕಾಲದ ವಿಮಾನಗಳಲ್ಲಿ ಪೆಪ್ಪರ್‌ಮಿಂಟ್, ಹತ್ತಿ ಇಟ್ಟ ತಟ್ಟೆ ಹಿಡಿದು ಬರ್ತಿದ್ದರಲ್ಲ, ಅದು ಬರೀ ಅತಿಥಿ ಸತ್ಕಾರ ಅಲ್ಲ. ಚಪ್ಪರಿಸಿ ನುಂಗಿದರೆ ಕಿವಿಯ ಒಳಗಿನ ನಾಳ ತೆರೆದು ಎರಡೂ ಕಡೆಯ ಒತ್ತಡ ಸಮವಾಗುತ್ತೆ. ಈಗ ತೂಬನ್ನ ಕಂಪ್ಯೂಟರ್ ಆಡಿಸುತ್ತೆ. ಹತ್ತೋವಾಗ ನಿಮಿಷಕ್ಕೆ ಸುಮಾರು 500 ಅಡಿ, ಇಳಿಯೋವಾಗ ಸುಮಾರು 300 ಅಡಿ ಲೆಕ್ಕದಲ್ಲಿ ಕಿವಿಗೆ ಗೊತ್ತಾಗದಂಗೆ ಬದಲಿಸುತ್ತೆ. ಪೆಪ್ಪರ್‌ಮಿಂಟ್ ತಟ್ಟೆ ಹೋಯ್ತು, ಬೇಜಾರು.

ಇಷ್ಟೊತ್ತು ಗಾಳಿಯ ಕಥೆ. ಈಗ ಏರಿಯ ಕಥೆ, ಅಂದ್ರೆ ಲೋಹದ್ದು. ಒಳಗೆ-ಹೊರಗೆ ಒತ್ತಡದ ವ್ಯತ್ಯಾಸ ಪ್ರತಿ ಚದರ ಸೆಂಟಿಮೀಟರಿಗೆ ಅರ್ಧ ಕಿಲೋಗಿಂತ ಚೂರು ಹೆಚ್ಚು. ಏನ್ ಮಹಾ ಅನ್ನಿಸುತ್ತೆ. ಎರಡು ಚದರ ಮೀಟರಿನ ಒಂದು ಬಾಗಿಲಿಗೆ ಲೆಕ್ಕ ಹಾಕಿ, ಹನ್ನೊಂದು ಟನ್! ಮೇಲೆ ಹಾರೋವಾಗ ಯಾರೋ ಬಾಗಿಲು ತೆಗೆದುಬಿಡ್ತಾರೆ ಅಂತ ಹೆದರೋರು ಈ ಲೆಕ್ಕ ನೆನಪಿಸಿಕೊಂಡು ನಿದ್ದೆ ಮಾಡಬಹುದು. ಆದರೆ ಅದೇ ಹೊರೆ ಪ್ರತಿ ಸಲ ಹಾರಿದಾಗ ಲೋಹದ ಮೈಮೇಲೆ ಒಮ್ಮೆ ಬೀಳುತ್ತೆ, ಇಳಿದಾಗ ಒಮ್ಮೆ ಹೋಗುತ್ತೆ. ತಂತಿಯನ್ನ ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಮುರೀತೀವಲ್ಲ, ಹಾಗೆ.

ಇದು ಗೊತ್ತಾದದ್ದು ಜಗತ್ತಿನ ಮೊದಲ ಪ್ರಯಾಣಿಕ ಜೆಟ್ ಕಾಮೆಟ್‌ನಿಂದ. 1952ರ ಮೇ 2ರಂದು ಅದರ ಸೇವೆ ಶುರು. ಸರಿಯಾಗಿ ಒಂದು ವರ್ಷಕ್ಕೆ, 1953ರ ಮೇ 2ರಂದು, ಕಲ್ಕತ್ತೆಯಿಂದ ಎದ್ದ ಕಾಮೆಟ್ ಬಿರುಗಾಳಿಯಲ್ಲಿ ಚೂರಾಗಿ ಬಂಗಾಳದ ಹೊಲಗಳಲ್ಲಿ ಬಿತ್ತು, 43 ಜನ ಹೋದರು. ಬಿರುಗಾಳಿಯದ್ದೇ ತಪ್ಪು ಅಂತಾಯ್ತು. 1954ರ ಜನವರಿ 10ರಂದು ಇಟಲಿಯ ಎಲ್ಬಾ ದ್ವೀಪದ ಬಳಿ ಇನ್ನೊಂದು, 35 ಜನ. ತಿಳಿ ಆಕಾಶ, ಬಿರುಗಾಳಿ ಇಲ್ಲ. ಸೇವೆ ನಿಲ್ಲಿಸಿ, ಅಲ್ಲಿ ಇಲ್ಲಿ ಬಿಗಿ ಮಾಡಿ, ಮತ್ತೆ ಹಾರಿಸಿದರು. ಏಪ್ರಿಲ್ 8ಕ್ಕೆ ನೇಪಲ್ಸ್ ಬಳಿ ಮೂರನೆಯದು, 21 ಜನ. ಕಾರಣ ಗೊತ್ತಾಗದೆ ಮತ್ತೆ ಹಾರಿಸಿದ ಆ ನಿರ್ಧಾರ ನನಗೆ ಇವತ್ತಿಗೂ ಅರಗಲ್ಲ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಬಗ್ ಯಾಕೆ ಬಂತು ಅಂತ ತಿಳೀದೆ "ರೀಸ್ಟಾರ್ಟ್ ಮಾಡಿ ನೋಡೋಣ" ಅಂತೀವಲ್ಲ, ಅದೇ ಜಾತಿ. ನಮ್ಮಲ್ಲಿ ಸರ್ವರ್ ಬೀಳುತ್ತೆ, ಅಷ್ಟೇ.

ಆಮೇಲೆ ಫಾರ್ನ್‌ಬರೋದಲ್ಲಿ ಮಾಡಿದ ಪರೀಕ್ಷೆ ಮಾತ್ರ ಅದ್ಭುತ. ಒಂದು ಇಡೀ ಕಾಮೆಟ್‌ನ ಒಡಲನ್ನ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗೂ ನೀರು ತುಂಬಿ, ಒತ್ತಡ ಏರಿಸೋದು, ಇಳಿಸೋದು, ಮತ್ತೆ ಏರಿಸೋದು. ನೀರು ಯಾಕೆ? ಗಾಳಿ ತುಂಬಿದ್ದರೆ ಬಿರುಕು ಬಿಟ್ಟ ಕೂಡಲೇ ಬಾಂಬಿನಂತೆ ಸಿಡಿದು ಸಾಕ್ಷಿಯೇ ನಾಶ. ನೀರು ಕುಗ್ಗಲ್ಲ, ಹಿಗ್ಗಲ್ಲ. ಒಡೆದರೂ ಒಡೆದ ಜಾಗ ಒಡೆದಂಗೇ ಸಿಗುತ್ತೆ. ನಿಜವಾಗಿ ಹಾರಿದ್ದು 1,221, ತೊಟ್ಟಿಯಲ್ಲಿ 1,836, ಒಟ್ಟು 3,057ನೇ ಸುತ್ತಿಗೆ ಲೋಹ ಹರಿಯಿತು. ಎಲ್ಬಾ ವಿಮಾನದ ಚೂರುಗಳನ್ನ ಸಮುದ್ರದಿಂದ ಎತ್ತಿ ನೋಡಿದಾಗ ನೆತ್ತಿಯ ಮೇಲಿನ ಆಂಟೆನಾ ಕಿಂಡಿಯ ಮೂಲೆಯಲ್ಲೂ ಅದೇ ಕಥೆ. "ಚೌಕ ಕಿಟಕಿಯಿಂದ ವಿಮಾನ ಬಿತ್ತು" ಅಂತ ಎಲ್ಲ ಕಡೆ ಓದ್ತೀವಲ್ಲ, ಅದು ಅರ್ಧ ಸತ್ಯ. ಬಿದ್ದದ್ದು ಪ್ರಯಾಣಿಕರ ಕಿಟಕಿಯಿಂದಲ್ಲ. ಆದರೆ ಮೂಲೆಗಳಲ್ಲಿ, ರಿವೆಟ್ ತೂತುಗಳ ಹತ್ತಿರ ಒತ್ತಡ ಗುಂಪುಗೂಡೋದು ನಿಜ.

ಈ ಪಾಠ ಬೆಂಗಳೂರಿಗೂ ಬಂತು. 1959ರಲ್ಲಿ ಹುಟ್ಟಿದ ರಾಷ್ಟ್ರೀಯ ವೈಮಾಂತರಿಕ ಪ್ರಯೋಗಾಲಯ, ಎನ್‌ಎಎಲ್, ಮರುವರ್ಷ ಬೆಂಗಳೂರಿಗೆ ಬಂದಾಗ ಅದಕ್ಕೆ ಸಿಕ್ಕ ಜಾಗ ಜಯಮಹಲ್ ರಸ್ತೆಯಲ್ಲಿ ಮೈಸೂರು ಮಹಾರಾಜರ ಅರಮನೆಯ ಕುದುರೆ ಲಾಯ! 1965ರಲ್ಲಿ ನಿರ್ದೇಶಕರಾದ ಎಸ್.ಆರ್. ವಲ್ಲೂರಿಯವರು ಲೋಹದ ದಣಿವಿನ ವಿಷಯದಲ್ಲೇ ಸಂಶೋಧನೆ ಮಾಡಿ ಬಂದವರು. ಹದಿನಾಲ್ಕು ಸೀಟಿನ, ಒತ್ತಡದ ಕ್ಯಾಬಿನ್ನಿನ ನಮ್ಮದೇ ವಿಮಾನ 'ಸರಸ್' ಅಲ್ಲೇ ಹುಟ್ಟಿ 2004ರ ಮೇ 29ರಂದು ಹಾರಿತು. 2009ರ ಮಾರ್ಚ್ 6ರಂದು ಎರಡನೇ ಮಾದರಿ ಬಿಡದಿ ಹತ್ತಿರ ಬಿದ್ದು ವಾಯುಸೇನೆಯ ಮೂವರು ತೀರಿಕೊಂಡರು. ಅದಕ್ಕೂ ಕ್ಯಾಬಿನ್ ಒತ್ತಡಕ್ಕೂ ಸಂಬಂಧ ಇಲ್ಲ, ಎಂಜಿನ್ ಆರಿಸಿ ಮತ್ತೆ ಹೊತ್ತಿಸೋ ಪರೀಕ್ಷೆಯಲ್ಲಾದದ್ದು. 2018ರ ಜನವರಿಯಲ್ಲಿ ಸರಸ್ ಮತ್ತೆ ಹಾರಿತು.

ಇನ್ನೊಬ್ಬರನ್ನ ಮರೆಯೋಕಾಗಲ್ಲ, ಕುರ್ಟ್ ಟ್ಯಾಂಕ್. ಯುದ್ಧದ ಕೊನೆಯಲ್ಲಿ ಜರ್ಮನಿಗಾಗಿ ಬಹಳ ಎತ್ತರಕ್ಕೆ ಏರೋ ಟಿಎ-152ಎಚ್ ಅನ್ನೋ ಯುದ್ಧವಿಮಾನ ಮಾಡಿದವರು. ಅದರ ಕಾಕ್‌ಪಿಟ್ ಮುಚ್ಚಳದ ಅಂಚಿಗೆ ಒಂದು ರಬ್ಬರ್ ಕೊಳವೆ. ಮುಚ್ಚಿದ ಮೇಲೆ ಅದಕ್ಕೆ ಗಾಳಿ ತುಂಬಿದರೆ ಸೈಕಲ್ ಟ್ಯೂಬಿನಂತೆ ಉಬ್ಬಿ ಸಂದು ಮುಚ್ಚುತ್ತೆ. ಎಷ್ಟು ಸರಳ ಉಪಾಯ! ಇದೇ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ಎಚ್‌ಎಎಲ್‌ನಲ್ಲಿ ನಮ್ಮವರ ಜೊತೆ ಕೂತು ಮಾಡಿದ್ದು ಎಚ್‌ಎಫ್-24 'ಮರುತ್'. 1961ರ ಜೂನ್ 17ಕ್ಕೆ ಹಾರಿತು. ಹೆಸರಿನಲ್ಲೇ ಗಾಳಿ.

ಮನುಷ್ಯನ ಪರೀಕ್ಷೆಯೂ ಬೆಂಗಳೂರಿನಲ್ಲೇ ನಡೆಯುತ್ತೆ. 1957ರಲ್ಲಿ ಶುರುವಾದ ವಾಯುಸೇನೆಯ ವೈಮಾನಿಕ ವೈದ್ಯಕೀಯ ಸಂಸ್ಥೆ, ಹಳೇ ವಿಮಾನ ನಿಲ್ದಾಣದ ರಸ್ತೆಯಲ್ಲಿದೆ. ಅಲ್ಲಿ ಗಾಳಿ ಎಳೆದು ತೆಗೆಯೋ ಕೋಣೆ ಇದೆ. ರಾಕೇಶ್ ಶರ್ಮಾ ಅವರಿಂದ ಹಿಡಿದು ಗಗನಯಾನದ ಗಗನಯಾತ್ರಿಗಳ ತನಕ ಆಯ್ಕೆಯ ವೈದ್ಯಕೀಯ ಪರೀಕ್ಷೆ ಆ ಸಂಸ್ಥೆಯಲ್ಲೇ. ಇಂಥ ಕೋಣೆಯಲ್ಲಿ ಪೈಲಟ್‌ಗಳನ್ನ ಕೂರಿಸಿ ಒತ್ತಡ ಇಳಿಸಿ, ಕೈಗೆ ಕಾಗದ ಕೊಟ್ಟು ಸಣ್ಣ ಲೆಕ್ಕ ಮಾಡಿ ಅಂತಾರೆ. ಅಕ್ಷರ ಸೊಟ್ಟಗಾಗ್ತಾ ಹೋಗುತ್ತೆ, ಬರೆಯೋರಿಗೆ ಮಾತ್ರ ಎಲ್ಲ ಸರಿಯಿದೆ ಅನ್ನಿಸ್ತಿರುತ್ತೆ. ಟಿಸಾಂಡಿಯರ್‌ನ ಅದೇ ಖುಷಿ! ತನ್ನ ಮೈಯಲ್ಲಿ ಅದರ ಮೊದಲ ಸುಳಿವು ಯಾವುದು ಅಂತ ಪ್ರತಿ ಪೈಲಟ್ ಕಲೀಬೇಕು. ಬೆರಳು ಜುಮ್ಮೆನ್ನುತ್ತಾ, ಕಣ್ಣು ಮಂಜಾಗುತ್ತಾ, ಒಬ್ಬೊಬ್ಬರಿಗೆ ಒಂದೊಂದು.

ಇದು ಯಾಕೆ ಅಷ್ಟು ಮುಖ್ಯ ಅಂದ್ರೆ 2005ರ ಆಗಸ್ಟ್ 14 ನೋಡಿ. ಸೈಪ್ರಸ್‌ನ ಹೀಲಿಯೋಸ್ 522. ಹಿಂದಿನ ರಾತ್ರಿ ಸೋರಿಕೆ ಪರೀಕ್ಷೆ ಮಾಡಿದವರು ಒತ್ತಡದ ಗುಂಡಿಯನ್ನ 'ಮ್ಯಾನುಯಲ್'ನಲ್ಲೇ ಬಿಟ್ಟಿದ್ದರು. ಪೈಲಟ್‌ಗಳು ಗಮನಿಸಲಿಲ್ಲ. ತೂಬು ಮುಚ್ಚಲೇ ಇಲ್ಲ. ಏರ್ತಾ ಎಚ್ಚರಿಕೆಯ ಹಾರ್ನ್ ಬಡಿಯಿತು. ಆದರೆ ಆ ಮಾದರಿಯಲ್ಲಿ ಅದೇ ಹಾರ್ನ್ ನೆಲದ ಮೇಲೆ 'ಟೇಕಾಫ್‌ಗೆ ಸಿದ್ಧವಿಲ್ಲ' ಅನ್ನೋದಕ್ಕೂ ಬಡಿಯುತ್ತೆ! ಅವರು ಅದನ್ನೇ ಅಂದ್ಕೊಂಡು ತಡಕಾಡ್ತಾ, ತಿಳಿಯೋ ಮೊದಲೇ ಮಿದುಳು ಮಂಕಾಗಿ ಕುಸಿದರು. ವಿಮಾನ ತಾನೇ ತಾನಾಗಿ ಅಥೆನ್ಸ್ ಮೇಲೆ ಸುತ್ತಿ ಸುತ್ತಿ ಇಂಧನ ತೀರಿ ಬಿತ್ತು. 121 ಜನ. ಒಂದೇ ಸದ್ದಿಗೆ ಎರಡು ಅರ್ಥ ಕೊಡೋ ವಿನ್ಯಾಸವನ್ನ ನಮ್ಮ ಆಫೀಸಿನಲ್ಲಿ ಯಾರಾದ್ರೂ ರಿವ್ಯೂಗೆ ತಂದಿದ್ದರೆ ಒಪ್ತಿದ್ದೆವಾ? ಒಪ್ತಿದ್ದೆವೇನೋ, ಅದೇ ಹೆದರಿಕೆ. ಆಮೇಲೆ ಎರಡಕ್ಕೂ ಬೇರೆ ಬೇರೆ ದೀಪ ಇಟ್ಟರು. ನಮ್ಮಲ್ಲೂ 2018ರ ಸೆಪ್ಟೆಂಬರ್ 20ರಂದು ಮುಂಬಯಿ-ಜೈಪುರ ವಿಮಾನದಲ್ಲಿ ಎಂಜಿನ್ನಿನಿಂದ ಗಾಳಿ ಬಿಡೋ ಸ್ವಿಚ್ ಹಾಕದೆ ಹಾರಿಸಿ 30ಕ್ಕೂ ಹೆಚ್ಚು ಜನರ ಕಿವಿ-ಮೂಗಿನಲ್ಲಿ ರಕ್ತ ಬಂತು. ಬೇಗ ಗೊತ್ತಾಗಿ ವಾಪಸ್ ಇಳಿಸಿದ್ದರಿಂದ ಎಲ್ಲರೂ ಉಳಿದರು.

ಅಂದ ಹಾಗೆ ಎಲ್ಲ ಸರಿಯಿದ್ದಾಗಲೂ ಒಳಗೆ ಊರಿನ ಗಾಳಿ ಇರಲ್ಲ. ಕ್ಯಾಬಿನ್ ಒತ್ತಡ ಹೆಚ್ಚೆಂದರೆ 8,000 ಅಡಿ ಎತ್ತರದ್ದು ಇರಬಹುದು ಅಂತ ನಿಯಮ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 6,330 ಅಡಿ. ಹೊಸ ಬೋಯಿಂಗ್ 787ನಲ್ಲಿ ಇದನ್ನ 6,000 ಅಡಿಗೆ ಇಳಿಸಿದ್ದಾರೆ, ಅದರಲ್ಲಿ ಎಂಜಿನ್ ಗಾಳಿ ಕದಿಯೋ ಬದಲು ವಿದ್ಯುತ್ ಕಂಪ್ರೆಸರ್ ಇದೆ. ಎಲ್ಲಾ ಜಾಸ್ತಿ ಒತ್ತಡ ಇಟ್ಟರೆ ಒಳ್ಳೇದಲ್ಲವಾ ಅಂದ್ರೆ, ಮತ್ತೆ ಅದೇ ಏರಿಯ ಕಥೆ. ಒಳಗೆ ಹೆಚ್ಚಿಸಿದಷ್ಟೂ ಲೋಹ ದಪ್ಪ, ತೂಕ, ದಣಿವು.

ಕೊನೆಗೆ ಬೆಂಗಳೂರಿನದ್ದೇ ಇನ್ನೊಂದು ಸಂಗತಿ. ಯುದ್ಧವಿಮಾನದ ಪೈಲಟ್‌ಗೆ ಕ್ಯಾಬಿನ್ ಒತ್ತಡ ಒಂದೇ ಸಾಲದು, ಮುಖವಾಡಕ್ಕೆ ಆಮ್ಲಜನಕವೂ ಬೇಕು. ಸಿಲಿಂಡರ್ ಹೊತ್ತರೆ ತೂಕ, ಮುಗಿದರೆ ಇಳೀಬೇಕು. ಅದಕ್ಕೆ ಸಿ.ವಿ. ರಾಮನ್ ನಗರದ ಡೆಬೆಲ್ ಅನ್ನೋ ಡಿಆರ್‌ಡಿಓ ಪ್ರಯೋಗಾಲಯ ತೇಜಸ್‌ಗಾಗಿ ಒಂದು ಯಂತ್ರ ಮಾಡಿತು. ಎಂಜಿನ್ನಿನ ಗಾಳಿಯನ್ನ ಜಿಯೋಲೈಟ್ ಅನ್ನೋ ಹರಳಿನ ಪುಡಿಯ ಮೂಲಕ ಒತ್ತಿ ಬಿಟ್ಟರೆ ಸಾರಜನಕ ಅಲ್ಲೇ ಸಿಕ್ಕಿಹಾಕಿಕೊಂಡು ಆಮ್ಲಜನಕ ಆಚೆ ಬರುತ್ತೆ. ಒತ್ತಡ ಇಳಿಸಿದರೆ ಪುಡಿ ಸಾರಜನಕವನ್ನ ಉಗುಳಿ ಮತ್ತೆ ತಯಾರು. 2021ರ ಎರಡನೇ ಅಲೆಯಲ್ಲಿ ಆಸ್ಪತ್ರೆಗಳ ಮುಂದೆ ಜನ ಸಿಲಿಂಡರಿಗೆ ಒದ್ದಾಡಿದ್ದು ನೆನಪಿದೆಯಲ್ಲ? ಆಗ ಈ ತೇಜಸ್ ತಂತ್ರವನ್ನೇ ದೊಡ್ಡದು ಮಾಡಿ ನಿಮಿಷಕ್ಕೆ ಸಾವಿರ ಲೀಟರಿನ ಆಮ್ಲಜನಕ ಘಟಕಗಳನ್ನ ಮಾಡಿ ದೇಶದ ಆಸ್ಪತ್ರೆಗಳ ಅಂಗಳದಲ್ಲಿ ಕೂರಿಸಿದರು. ಬೆಂಗಳೂರಿನ ಟಾಟಾ ಅಡ್ವಾನ್ಸ್ಡ್ ಸಿಸ್ಟಮ್ಸ್ ಮತ್ತು ಕೊಯಮತ್ತೂರಿನ ಟ್ರೈಡೆಂಟ್ ನ್ಯುಮ್ಯಾಟಿಕ್ಸ್‌ಗೆ ಕೊಟ್ಟ ಆರ್ಡರೇ 380. ವಿಮಾನದ ಯಂತ್ರದ ಕೆಲಸವೂ ನಿಂತಿಲ್ಲ. 2025ರ ಮಾರ್ಚ್ 4ರಂದು ಅದನ್ನ ತೇಜಸ್‌ನಲ್ಲಿ ಕೂರಿಸಿ 50,000 ಅಡಿಯ ತನಕ ಒಯ್ದು ಪರೀಕ್ಷೆ ಮಾಡಿದರು.